ಪ್ರಸ್ತಾರ ಹಾಕುವ ಮೊದಲು ಒಮ್ಮೆ ಓದಿಸಿ

ಹೈಸ್ಕೂಲುಗಳಲ್ಲಿ ಕನ್ನಡ ಪಾಠ ಮಾಡುವ ಎಲ್ಲ ಮೇಷ್ಟ್ರುಗಳಿಗೆ, ಮೇಡಂಗಳಿಗೆ,



ಪರೀಕ್ಷೆ ಹತ್ತಿರವಾಯಿತೆಂದರೆ ನಿಮ್ಮ ತರಗತಿಗಳಲ್ಲಿ ಏನು ನಡೆಯುತ್ತದೆಂದು ನನಗೆ ಗೊತ್ತು. ಬೋರ್ಡಿನ ಮೇಲೆ ಷಟ್ಪದಿಯ ಮೊದಲ ಮೂರು ಸಾಲು. ಅಕ್ಷರಗಳ ನೆತ್ತಿಯ ಮೇಲೆ ಗುರುವಿಗೆ ಅಡ್ಡಗೆರೆ, ಲಘುವಿಗೆ ಅರ್ಧಚಂದ್ರ. ಮೂರಕ್ಕೊಂದು, ನಾಲ್ಕಕ್ಕೊಂದು ಉದ್ದಗೆರೆ. ಕೆಳಗೆ ‘ಇದು ಭಾಮಿನೀ ಷಟ್ಪದಿ’ ಎಂದು ಬರೆದರೆ ಅಂಕ ಬಂತು. ಪಕ್ಕದ ಬೋರ್ಡಿನಲ್ಲಿ ಅಲಂಕಾರ: ಹೆಸರು, ಲಕ್ಷಣ, ಸಮನ್ವಯ. ‘ಇಲ್ಲಿ ಉಪಮೇಯ ಇಂಥದು, ಉಪಮಾನ ಇಂಥದು’ ಎಂಬ ಸಿದ್ಧವಾಕ್ಯದಲ್ಲಿ ಪದ ಬದಲಿಸುತ್ತ ಹೋದರಾಯಿತು. ಇಷ್ಟನ್ನು ಮಕ್ಕಳು ಚೆನ್ನಾಗಿಯೇ ಕಲಿಯುತ್ತಾರೆ. ನೀವೂ ಮನಸ್ಸಿಟ್ಟು ಕಲಿಸುತ್ತೀರಿ, ಅದರಲ್ಲಿ ಎರಡು ಮಾತಿಲ್ಲ.

ನಾನು ಶಾಲೆಯವಳಲ್ಲ. ಸಂಜೆ ಹೊತ್ತು ಮನೆಯಲ್ಲಿ ಒಂದಷ್ಟು ಮಕ್ಕಳಿಗೆ ಗಮಕ ಹೇಳಿಕೊಡುತ್ತೇನೆ. ಬರುವವರು ನಿಮ್ಮ ಶಾಲೆಗಳ ಮಕ್ಕಳೇ. ಭಾಮಿನಿಯ ಲಕ್ಷಣ ಕೇಳಿದರೆ ಒಂದೇ ಉಸಿರಿಗೆ ಹೇಳಿ ಮುಗಿಸುವ ಹುಡುಗಿಯ ಕೈಗೆ ಅದೇ ಪದ್ಯ ಕೊಟ್ಟು ‘ಎಲ್ಲಿ, ಓದಮ್ಮ’ ಎಂದರೆ, ಆಕಾಶವಾಣಿಯ ಪ್ರದೇಶ ಸಮಾಚಾರ ಓದಿದ ಹಾಗೆ ಓದುತ್ತಾಳೆ. ಲಕ್ಷಣ ಅವಳ ಬಾಯಲ್ಲಿದೆ, ಪದ್ಯ ಅವಳ ಕಿವಿಗೆ ಬಿದ್ದೇ ಇಲ್ಲ. ಈ ಪತ್ರ ಅದರ ಬಗ್ಗೆ. ಛಂದಸ್ಸು, ಅಲಂಕಾರಗಳ ಹೆಸರುಗಳೆಲ್ಲ ಕೇಳಿದ್ದಕ್ಕೆ, ಆಡಿದ್ದಕ್ಕೆ ಆಮೇಲೆ ಇಟ್ಟ ಹೆಸರುಗಳು. ನಾವು ಹೆಸರನ್ನು ಮೊದಲು ಕೊಟ್ಟು, ಕೇಳಿಸುವುದನ್ನು ಮರೆತಿದ್ದೇವೆ ಎಂಬುದು ನನ್ನ ತಕರಾರು.

ಮಾತಿಗೆ ಆಧಾರ ಬೇಕಲ್ಲ. ಮಕ್ಕಳಿಗೆಂದು ನಾನೇ ಕಟ್ಟಿಕೊಂಡ ಒಂದು ಭಾಮಿನಿ ಇದೆ. ಕಾವ್ಯಗುಣ ಹುಡುಕಬೇಡಿ, ನಡಿಗೆಯನ್ನಷ್ಟೇ ನೋಡಿ.

ಮಳೆಯು ಬಂದಿತು ಶಾಲೆ ಬಿಟ್ಟಿತು
ಗೆಳೆಯರೆಲ್ಲರು ಕೊಡೆಯ ಮರೆತರು
ಹೊಳೆಯ ನೀರಲಿ ಲೆಕ್ಕ ಪುಸ್ತಕ ದೋಣಿಯಾಯಿತಲಾ
ತಳದ ಮಣ್ಣಲಿ ಕಾಲು ಹೂತಿತು
ಬಳೆಯ ಸದ್ದಿಗೆ ತಲೆಯನೆತ್ತಿರೆ
ಬಳಿಯೊಳಮ್ಮನು ನಿಂತು ನಕ್ಕಳು ಬೆತ್ತ ಮರೆಮಾಡಿ

ಇದನ್ನು ಬೋರ್ಡಿಗೆ ಬರೆಯಬೇಡಿ. ಮೊದಲು ಬಾಯಲ್ಲಿ ಹೇಳಿ. ಮಕ್ಕಳು ಡೆಸ್ಕಿನ ಮೇಲೆ ಬೆರಳಿನಿಂದ ತಟ್ಟಲಿ: ತಕಿಟ ತಕಧಿಮಿ, ತಕಿಟ ತಕಧಿಮಿ. ಮೂರು, ನಾಲ್ಕು, ಮೂರು, ನಾಲ್ಕು. ಸಂಗೀತ ಕಲಿಯುವ ಮಗು ಒಂದಾದರೂ ತರಗತಿಯಲ್ಲಿ ಇದ್ದೇ ಇರುತ್ತದೆ. ಅದು ಥಟ್ಟನೆ ‘ಮಿಶ್ರಛಾಪು’ ಎನ್ನುತ್ತದೆ. ಏಳರ ತಾಳ, ಮೂರು ನಾಲ್ಕಾಗಿ ಒಡೆದದ್ದು. ಗಮಕಕ್ಕೆ ತಾಳದ ಹಂಗಿಲ್ಲ, ನಿಜ. ಕಲಿಯುವಾಗ ತಾಳ ಹಾಕಿಕೊಂಡರೆ ಯಾವ ಗಮಕಿಯೂ ಬೇಸರ ಮಾಡಿಕೊಳ್ಳುವುದಿಲ್ಲ. ಹೀಗೆ ಎರಡು ಸಲ ತಟ್ಟಿದ ಮೇಲೆ ಮೂರನೆಯ ಸಾಲೂ ಆರನೆಯ ಸಾಲೂ ಯಾಕೆ ಉದ್ದವೆಂದು ಹೇಳಬೇಕಾಗುವುದಿಲ್ಲ. ಚಿಕ್ಕ ಸಾಲು ಎರಡು ಸಲ ಓಡಿ, ಮೂರನೆಯ ಸಲ ಅರ್ಧದಷ್ಟು ಹೆಚ್ಚು ಓಡಿ, ಒಂದು ಗುರುವಿನ ಮೇಲೆ ಕೂರುತ್ತದೆ. ಆ ಕೂರುವುದು ಕಿವಿಗೆ ಹಿತ. ಹದಿನಾಲ್ಕು ಮಾತ್ರೆಯ ನಾಲ್ಕು ಸಾಲು, ಇಪ್ಪತ್ತಮೂರರ ಎರಡು ಸಾಲು, ಒಟ್ಟು 102 ಮಾತ್ರೆ ಎಂಬ ಲೆಕ್ಕ ಇದಾದ ಮೇಲೆ ಬರಲಿ.

ಈಗ ಮೊದಲ ಸಾಲನ್ನು ಕೆಡಿಸೋಣ. ‘ಬಂದಿತು ಮಳೆಯು ಬಿಟ್ಟಿತು ಶಾಲೆ’. ಅವೇ ಪದ, ಅದೇ ಅರ್ಥ, ಅದೇ ಹದಿನಾಲ್ಕು ಮಾತ್ರೆ. ಮಕ್ಕಳಿಗೆ ಪ್ರಸ್ತಾರ ಹಾಕಲು ಹೇಳಿ. ಲೆಕ್ಕದಲ್ಲಿ ಜಾಣನಾದ ಹುಡುಗ ಇದನ್ನು ‘ಬಂದಿ, ತುಮಳೆಯು, ಬಿಟ್ಟಿ, ತುಶಾಲೆ’ ಎಂದು ಕತ್ತರಿಸಿ, ‘ಮೂರು ನಾಲ್ಕು ಮೂರು ನಾಲ್ಕು, ಸರಿಯಾಗಿದೆ ಮಿಸ್’ ಎನ್ನುತ್ತಾನೆ. ಹಾಳೆಯ ಮೇಲೆ ಅವನು ಹೇಳಿದ್ದು ಸರಿ. ಗಣದ ಗೆರೆ ಪದದ ಮಧ್ಯೆ ಬೀಳುವುದೂ ತಪ್ಪಲ್ಲ, ದೊಡ್ಡ ಕವಿಗಳಲ್ಲೇ ಅದು ಧಾರಾಳವಾಗಿದೆ. ಆದರೆ ತಟ್ಟುತ್ತ ಹೇಳಿಸಿ. ‘ತುಶಾಲೆ’ಯ ಹತ್ತಿರ ನಾಲಿಗೆ ಎಡವುತ್ತದೆ. ಬಡಿತ ಬೀಳುವುದು ‘ತು’ ಎಂಬ ಲಘುವಿನ ಮೇಲೆ. ಭಾರವಿರುವುದು ಅದರ ಮುಂದಿನ ‘ಶಾ’ದಲ್ಲಿ. ಬೆರಳು ಒಂದು ಕಡೆ, ಬಾಯಿ ಒಂದು ಕಡೆ. ಷಟ್ಪದಿಯಲ್ಲಿ ಗಣದ ಆದಿಗೆ ಲಘುವಿನ ಮೇಲೆ ಗುರು ಬರಬಾರದು, ನಾಲ್ಕು ಮಾತ್ರೆಯ ಗಣ ಜಗಣವಾಗಬಾರದು ಎಂದು ನೋಟ್ಸಿನಲ್ಲಿ ಬರೆಸುತ್ತೀರಲ್ಲ, ಅದು ಹುಟ್ಟಿದ್ದು ಈ ಎಡವುವಿಕೆಯಿಂದ. ಒಮ್ಮೆ ಎಡವಿದ ಮಗುವಿಗೆ ಆ ನಿಯಮವನ್ನು ಎರಡನೆಯ ಸಲ ಬರೆಸಬೇಕಾಗಿಲ್ಲ.

ಭಾಮಿನಿ ಹಿಡಿತಕ್ಕೆ ಬಂದರೆ ಉಳಿದ ಐದು ಷಟ್ಪದಿಗಳಿಗೆ ಅರ್ಧ ಗಂಟೆ ಸಾಕು. ‘ಊರಾಚೆ ಕೆರೆದಂಡೆ ಮೇಲೊಂದು ಹುಣಿಸೆಮರ’ ಎಂದು ಹೇಳಿಸಿ, ಐದೈದರ ನಡೆ ಕೇಳುತ್ತದೆ. ಅದು ವಾರ್ಧಕದ ಸಾಲು. ಅದನ್ನೇ ಎರಡು ಗಣಕ್ಕೆ ಮೊಟಕು ಮಾಡಿದರೆ ಕುಸುಮ. ‘ಅಂಗಳ ಗುಡಿಸಿದ ಅಜ್ಜಿಯ ಪೊರಕೆಯು’ ಎಂದರೆ ನಾಲ್ಕುನಾಲ್ಕು, ಪರಿವರ್ಧಿನಿ. ಮೊಟಕು ಮಾಡಿದರೆ ಶರ. ‘ಅಂದು ಸಂಜೆ ಸಂತೆಯೊಳಗೆ’ ಎಂದು ಮೂರುಮೂರಾಗಿ ಕುಣಿದರೆ ಭೋಗ. ಆರು ಹೆಸರುಗಳನ್ನು ಆರು ಕೋಷ್ಟಕಗಳಲ್ಲಿ ಉರುಹೊಡೆಸುವ ಬದಲು, ‘ಗದುಗಿನ ಭಾರತವೆಲ್ಲ ಭಾಮಿನಿಯಲ್ಲಿದೆ, ಲಕ್ಷ್ಮೀಶನ ಜೈಮಿನಿ ಭಾರತವೆಲ್ಲ ವಾರ್ಧಕದಲ್ಲಿದೆ, ಎರಡನ್ನೂ ಕೇಳಿ, ಯುದ್ಧದ ವರ್ಣನೆ ಯಾವ ನಡೆಯಲ್ಲಿ ಹೇಗೆ ಸಾಗುತ್ತದೆ ನೋಡಿ’ ಎಂದು ಬಿಟ್ಟರೆ ಮಕ್ಕಳೇ ವಾದಕ್ಕೆ ಇಳಿಯುತ್ತಾರೆ. ನನ್ನ ಹತ್ತಿರ ಬರುವ ಒಬ್ಬ ವಾರ್ಧಕದ ಪಕ್ಷ. ಭಾಮಿನಿ ‘ಜಾಸ್ತಿ ಅವಸರ ಮಾಡುತ್ತದೆ’ಯಂತೆ. ನನಗೆ ಹಾಗನ್ನಿಸುವುದಿಲ್ಲ, ಆದರೆ ಹೀಗೆ ಹೇಳಬಲ್ಲ ಹುಡುಗನಿಗೆ ಛಂದಸ್ಸು ಬಂತೆಂದೇ ಲೆಕ್ಕ.

ಕರಾವಳಿ, ಮಲೆನಾಡಿನ ಮೇಷ್ಟ್ರುಗಳಿಗೆ ಇದೆಲ್ಲ ಹೇಳುವ ಅಗತ್ಯವೇ ಇಲ್ಲ. ನಿಮ್ಮ ತರಗತಿಯ ಹಿಂದಿನ ಬೆಂಚಿನಲ್ಲಿ ರಾತ್ರಿಯಿಡೀ ಆಟ ನೋಡಿ ಬಂದು ತೂಕಡಿಸುವ ಹುಡುಗನೇ ನಿಮಗೆ ಸಾಕು. ಯಕ್ಷಗಾನದ ಪ್ರಸಂಗ ಪುಸ್ತಕ ತೆರೆದರೆ ಪದ್ಯದ ತಲೆಯ ಮೇಲೆ ಭಾಮಿನಿ, ವಾರ್ಧಕ, ಕಂದ, ದ್ವಿಪದಿ ಎಂದು ಅಚ್ಚಾಗಿರುತ್ತದೆ. ಭಾಗವತರು ಭಾಮಿನಿ ಎತ್ತಿಕೊಂಡರೆ ಆ ಹುಡುಗನಿಗೆ ಗೊತ್ತಾಗುತ್ತದೆ. ಅವನಿಗೆ ಗುರುಲಘು ಹಾಕಲು ಬರದಿರಬಹುದು. ಬೋರ್ಡಿನ ಮುಂದೆ ಅವನನ್ನು ದಡ್ಡನೆಂದು ನಿಲ್ಲಿಸುವ ಮೊದಲು ಒಂದು ಪದ ಹೇಳಿಸಿ ನೋಡಿ. ಶಿವಮೊಗ್ಗದ ಕಡೆಯವರಿಗೆ ಹೊಸಹಳ್ಳಿ ದೂರವಲ್ಲ. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಪತ್ರಿಕೆಗಳಲ್ಲೆಲ್ಲ ಗಮಕದ ಮಾತು ಬಂತು. ತರಗತಿಗಳೊಳಗೆ ಎಷ್ಟು ಬಂತೋ ಕಾಣೆ.

ಕಿವಿಯೇ ಮೊದಲು ಎಂಬುದು ನನ್ನ ಸ್ವಂತ ಹಟವಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವೇ, ಓದದೆಯೂ ಕಾವ್ಯ ಕಟ್ಟಬಲ್ಲ ಜನ ಈ ನಾಡಿನವರು ಎಂದು ಮೆಚ್ಚಿಕೊಂಡಿದೆ. ಅದು ಲಕ್ಷಣಗ್ರಂಥ, ನೆನಪಿರಲಿ. ನಿಯಮ ಹೇಳಲು ಹೊರಟ ಪುಸ್ತಕ. ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ ನಾಗವರ್ಮ ಛಂದೋಂಬುಧಿ ಬರೆದಾಗ ಅದನ್ನು ಹೆಂಡತಿಗೆ ಹೇಳುವ ಧಾಟಿಯಲ್ಲಿ ಬರೆದ. ಕನ್ನಡದ ಮೊದಲ ಛಂದೋಗ್ರಂಥ ಹುಟ್ಟಿದ್ದೇ ಒಬ್ಬರು ಹೇಳಿ ಇನ್ನೊಬ್ಬರು ಕೇಳುವ ರೂಪದಲ್ಲಿ. 1875ರಲ್ಲಿ ಮಂಗಳೂರಿನಲ್ಲಿ ಕಿಟೆಲ್ ಅದನ್ನು ಸಂಪಾದಿಸಿ ಅಚ್ಚು ಹಾಕಿಸಿದ ಮೇಲೆ ನಾವು ಅದನ್ನು ಕಣ್ಣಿನಿಂದ ಓದತೊಡಗಿದೆವು. ಕಿಟೆಲ್ಲರದೇನೂ ತಪ್ಪಿಲ್ಲ, ಅವರು ಮಾಡದಿದ್ದರೆ ನಮಗೆ ಪುಸ್ತಕವೇ ಸಿಗುತ್ತಿತ್ತೋ ಇಲ್ಲವೋ.

ಅದೇ ನಾಗವರ್ಮ ‘ಕರ್ಣಾಟಕ ವಿಷಯ ಜಾತಿ’ ಎಂದು ಬೇರೆಯಾಗಿ ಎತ್ತಿಟ್ಟ ತ್ರಿಪದಿ, ಏಳೆ, ಅಕ್ಕರ, ಗೀತಿಕೆಗಳ ಹತ್ತಿರ ಬಂದರೆ ಗೆರೆ ಎಳೆಯುವ ವಿದ್ಯೆ ಪೂರಾ ಕೈಕೊಡುತ್ತದೆ. ಇವು ಅಂಶಗಣದವು. ಬ್ರಹ್ಮಗಣಕ್ಕೆ ಎರಡು ಅಂಶ, ವಿಷ್ಣುವಿಗೆ ಮೂರು, ರುದ್ರನಿಗೆ ನಾಲ್ಕು. ಮೊದಲ ಅಂಶ ಒಂದು ಗುರುವೋ ಎರಡು ಲಘುವೋ ಆಗಿರಬೇಕು; ಆಮೇಲಿನವು ಲಘುವಾದರೂ ಸರಿ, ಗುರುವಾದರೂ ಸರಿ. ಹೀಗಾಗಿ ಒಂದೇ ವಿಷ್ಣುಗಣ ನಾಲ್ಕು ಮಾತ್ರೆಯೂ ಆದೀತು, ಆರೂ ಆದೀತು. ತ್ರಿಪದಿಯಲ್ಲಿ ಹನ್ನೊಂದು ಗಣ, ಆರನೆಯದೂ ಹತ್ತನೆಯದೂ ಬ್ರಹ್ಮ, ಉಳಿದವು ವಿಷ್ಣು ಎಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ. ‘ಮಾತ್ರೆ ಹೆಚ್ಚುಕಮ್ಮಿ ಆಗುತ್ತದಲ್ಲ, ಮತ್ತೆ ಸಾಲು ಸಮ ಬರುವುದು ಹೇಗೆ?’ ಎಂದು ಯಾವ ಮಗುವಾದರೂ ಕೇಳಿದರೆ ಆ ಮಗುವಿಗೆ ನನ್ನ ಪರವಾಗಿ ಒಂದು ಪೆನ್ನು ಕೊಡಿ. ಉತ್ತರ ಬೀಸುಕಲ್ಲಿನ ಹತ್ತಿರ ಇದೆ. ಕಲ್ಲು ಒಂದು ಸುತ್ತು ಬರುವಷ್ಟು ಹೊತ್ತಿಗೆ ಹಾಡುವವಳು ಒಂದು ಅಕ್ಷರವನ್ನು ಎಳೆಯುತ್ತಾಳೆ, ಇನ್ನೊಂದನ್ನು ನುಂಗುತ್ತಾಳೆ. ಸಾಲು ಸಮವಾಗುವುದು ಅವಳ ಗಂಟಲಲ್ಲಿ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಬಂಡೆಯ ಮೇಲೆ ತ್ರಿಪದಿ ಕೆತ್ತಿ ಸುಮಾರು ಸಾವಿರದ ಮುನ್ನೂರು ವರ್ಷವಾಯಿತು. ಆಗಲೇ ಅಷ್ಟು ಪಳಗಿದ್ದ ಮಟ್ಟು ಅದಕ್ಕೂ ಮೊದಲು ಎಷ್ಟು ಕಾಲ ಬಾಯಲ್ಲಿದ್ದಿರಬೇಕು!

ಅಕ್ಷರಗಣದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ‘ಯಮಾತಾರಾಜಭಾನಸಲಗಂ’ ಎಂಬ ಸೂತ್ರ ಕೊಡುತ್ತೀರಿ, ಒಳ್ಳೆಯದು. ಯಾವ ಗಣ ಬೇಕೋ ಆ ಅಕ್ಷರದಿಂದ ಮೂರು ಅಕ್ಷರ ಗಟ್ಟಿಯಾಗಿ ಹೇಳಿದರೆ ಗಣವೇ ಕೇಳುತ್ತದೆ: ಯಮಾತಾ, ಭಾನಸ, ಜಭಾನ. ಅದೂ ಕಿವಿಯ ಸೂತ್ರವೇ. ಆದರೆ ಖ್ಯಾತ ಕರ್ನಾಟಕ ವೃತ್ತಗಳು ಆರು ಎಂದು ಆರರ ಗಣಗಳನ್ನೂ ಬಿಡಿಬಿಡಿಯಾಗಿ ಉರುಹೊಡೆಸುವುದೇಕೆ? ಅವು ಮೂರು ಜೋಡಿ. ಇಪ್ಪತ್ತು ಅಕ್ಷರದ ಉತ್ಪಲಮಾಲೆಯ ಮೊದಲ ಗುರುವನ್ನು ಎರಡು ಲಘುವಾಗಿ ಒಡೆದರೆ ಇಪ್ಪತ್ತೊಂದರ ಚಂಪಕಮಾಲೆ. ಹತ್ತೊಂಬತ್ತರ ಶಾರ್ದೂಲವಿಕ್ರೀಡಿತವನ್ನು ಹಾಗೆಯೇ ಒಡೆದರೆ ಇಪ್ಪತ್ತರ ಮತ್ತೇಭವಿಕ್ರೀಡಿತ. ಇಪ್ಪತ್ತೊಂದರ ಸ್ರಗ್ಧರೆಯನ್ನು ಒಡೆದರೆ ಇಪ್ಪತ್ತೆರಡರ ಮಹಾಸ್ರಗ್ಧರೆ. ಗಣಗಳ ಹೆಸರು ಬರೆದುಕೊಂಡು ನೋಡಿದರೆ ಭರನಭಭರಲಗಕ್ಕೂ ನಜಭಜಜಜರಕ್ಕೂ ನೆಂಟಸ್ತಿಕೆಯೇ ಕಾಣುವುದಿಲ್ಲ. ಗಟ್ಟಿಯಾಗಿ ಓದಿದರೆ ಮೊದಲ ಹೆಜ್ಜೆ ಬಿಟ್ಟು ಉಳಿದದ್ದೆಲ್ಲ ಒಂದೇ.

ಪ್ರಾಸಕ್ಕೂ ಹೀಗೇ ಆಗಿದೆ. ಇವತ್ತಿನ ಮಕ್ಕಳಿಗೆ ಪ್ರಾಸವೆಂದರೆ ಸಿನಿಮಾ ಹಾಡಿನ ಸಾಲಿನ ಕೊನೆ. ಮೇಲಿನ ಷಟ್ಪದಿಯನ್ನು ಇನ್ನೊಮ್ಮೆ ನೋಡಿ: ಮಳೆ, ಗೆಳೆ, ಹೊಳೆ, ತಳ, ಬಳೆ, ಬಳಿ. ನಮ್ಮ ಪ್ರಾಸ ಸಾಲಿನ ಎರಡನೆಯ ಅಕ್ಷರದಲ್ಲಿ ಕೂತಿರುತ್ತದೆ. ಮೊದಲಕ್ಷರ ಹ್ರಸ್ವವಾದರೆ ಸಿಂಹಪ್ರಾಸ, ದೀರ್ಘವಾದರೆ ಗಜ, ಬಿಂದು ಬಂದರೆ ವೃಷಭ. ಇನ್ನೂ ಅಜ, ಶರಭ, ಹಯಗಳಿವೆ. ಇಡೀ ಮೃಗಾಲಯ. ಇದನ್ನು ಆರನೆಯ ತರಗತಿಗೇ ಹೇಳಿಬಿಡಬಹುದು. ಹಾಡುವವರಿಗೆ ಇದರ ಪ್ರಯೋಜನವೂ ಇತ್ತು. ಮುಂದಿನ ಸಾಲು ಮರೆತರೆ ಅದರ ಎರಡನೆಯ ಅಕ್ಷರವಂತೂ ಕೈಯಲ್ಲೇ ಇರುತ್ತಿತ್ತು, ಅದನ್ನು ಹಿಡಿದುಕೊಂಡು ಸಾಲನ್ನು ಎಳೆಯುತ್ತಿದ್ದರು. 1911ರ ಸುಮಾರಿಗೆ ಗೋವಿಂದ ಪೈಗಳು ಈ ಪ್ರಾಸವನ್ನು ಬಿಟ್ಟರೆಂದು, 1926ರಲ್ಲಿ ಬಿಎಂಶ್ರೀಯವರ ‘ಇಂಗ್ಲಿಷ್ ಗೀತಗಳು’ ಬಂತೆಂದು ಮಕ್ಕಳು ಇಸವಿ ಸಮೇತ ಹೇಳುತ್ತಾರೆ. ಬಿಟ್ಟದ್ದು ಏನನ್ನು ಎಂದು ಕೇಳಿ ನೋಡಿ. ಇದ್ದದ್ದರ ಸದ್ದೇ ಕೇಳದವರಿಗೆ ಬಿಟ್ಟವರ ಧೈರ್ಯ ಹೇಗೆ ತಿಳಿಯಬೇಕು? ‘ಈಗಿನ ಕವಿತೆಗೆ ಛಂದಸ್ಸೇ ಇಲ್ಲ’ ಎಂದು ನೀವು ಕೆಲವರು ಹೇಳಿಕೊಡುವುದೂ ನನಗೆ ಒಪ್ಪಿಗೆಯಿಲ್ಲ. ಅಡಿಗರ ಯಾವುದಾದರೂ ಒಂದು ಕವಿತೆಯನ್ನು ತಟ್ಟಿಕೊಂಡು ಓದಿ.

ಇನ್ನು ಅಲಂಕಾರ. ಇಲ್ಲಿ ನನ್ನ ತಕರಾರು ಸ್ವಲ್ಪ ಖಾರವಾಗಿಯೇ ಇದೆ. ನಾವು ಮಕ್ಕಳಿಗೆ ಕೊಡುವ ಉದಾಹರಣೆಗಳಲ್ಲಿ ಮುಖಗಳೆಲ್ಲ ಕಮಲ, ಕಣ್ಣುಗಳೆಲ್ಲ ಮೀನು. ಕಮಲವನ್ನೇ ನೋಡದ ಮಗು ಅದನ್ನು ಮುಖಕ್ಕೆ ಅಂಟಿಸಿ ‘ಸಮಾನಧರ್ಮ: ಸೌಂದರ್ಯ’ ಎಂದು ಬರೆಯುತ್ತದೆ. ಅದೇ ಮಗು ಶಾಲೆ ಬಿಟ್ಟ ಮೇಲೆ ಗೆಳೆಯನ ಹತ್ತಿರ ಆಡುವ ಹತ್ತು ಮಾತಿನಲ್ಲಿ ನಾಲ್ಕು ಅಲಂಕಾರ ಇರುತ್ತವೆ. ಅಲ್ಲಿಂದ ಶುರು ಮಾಡಬಾರದೇ?

ಕಲಬುರಗಿಯ ಏಪ್ರಿಲ್ ತಿಂಗಳನ್ನು ತೆಗೆದುಕೊಳ್ಳಿ. ‘ಬಿಸಿಲು ಬಾಣಲೆಯ ಹಾಗೆ ಕಾದಿದೆ’ ಎಂದರೆ ಉಪಮೆ. ಬಿಸಿಲು ಉಪಮೇಯ, ಬಾಣಲೆ ಉಪಮಾನ, ‘ಹಾಗೆ’ ವಾಚಕ, ಕಾದಿರುವುದು ಸಮಾನಧರ್ಮ. ನಾಲ್ಕೂ ಇವೆ, ಪೂರ್ಣೋಪಮೆ. ಈಗ ‘ಬಿಸಿಲು ಬಾಣಲೆ ಹಾಗಿದೆ’ ಎನ್ನಿ. ಸಮಾನಧರ್ಮ ಜಾರಿಹೋಯಿತು, ಲುಪ್ತೋಪಮೆಯಾಯಿತು. ಹೋದದ್ದು ಒಂದು ಪದ, ಆದರೆ ಕೇಳುವವನಿಗೆ ಕೆಲಸ ಬಂತು: ಯಾವುದರಲ್ಲಿ ಬಾಣಲೆಯ ಹಾಗೆ? ಕಾವಿನಲ್ಲೋ, ದುಂಡಗೆ ಎಲ್ಲ ಕಡೆಯಿಂದ ಸುತ್ತುವರಿದದ್ದರಲ್ಲೋ, ತಪ್ಪಿಸಿಕೊಳ್ಳಲು ದಾರಿಯಿಲ್ಲದ್ದರಲ್ಲೋ? ‘ಬಿಸಿಲೆಂಬ ಬಾಣಲೆಯಲ್ಲಿ ಊರು ಹುರಿಯುತ್ತಿದೆ’ ಎಂದರೆ ರೂಪಕ. ಉಪಮೆಯಲ್ಲಿ ಬಿಸಿಲೂ ಬಾಣಲೆಯೂ ಬೇರೆಬೇರೆಯಾಗಿಯೇ ಹತ್ತಿರ ಬಂದು ನಿಂತಿದ್ದವು. ಇಲ್ಲಿ ಒಂದಾದವು, ಒಂದಾದ ತಕ್ಷಣ ಊರೂ ಒಳಗೆ ಬಿದ್ದಿತು. ‘ಊರನ್ನು ಹುರಿಯಲೆಂದೇ ಯಾರೋ ಮೇಲೆ ಬಾಣಲೆ ಇಟ್ಟಿದ್ದಾರೋ ಎಂಬಂತೆ ಬಿಸಿಲು’ ಎಂದರೆ ಉತ್ಪ್ರೇಕ್ಷೆ. ಅದು ಹಾಗಿಲ್ಲವೆಂದು ಹೇಳುವವನಿಗೂ ಗೊತ್ತು, ಕೇಳುವವನಿಗೂ ಗೊತ್ತು, ಆದರೂ ಮನಸ್ಸು ಊಹಿಸಿತು. ಕೊನೆಗೆ, ಬಸ್ಸಿಳಿದು ಮನೆಯೊಳಗೆ ಕಾಲಿಟ್ಟ ಮಾವ ‘ಬಾಣಲೆಯಿಂದ ಈಗಷ್ಟೇ ಎದ್ದು ಬಂದೆ, ನೀರು ಕೊಡವ್ವ’ ಎಂದರೆ? ಬಿಸಿಲಿನ ಹೆಸರೇ ಇಲ್ಲ, ಉಪಮಾನ ಉಪಮೇಯವನ್ನು ನುಂಗಿಬಿಟ್ಟಿದೆ. ಅತಿಶಯೋಕ್ತಿಯಲ್ಲಿ ಒಂದು ಬಗೆ ಇದು. ಒಂದೇ ಬಿಸಿಲು, ಒಂದೇ ಬಾಣಲೆ. ಇಷ್ಟು ಮಾಡಿದ ಮೇಲೆ ಕುಮಾರವ್ಯಾಸನನ್ನು ರೂಪಕ ಸಾಮ್ರಾಜ್ಯದ ಚಕ್ರವರ್ತಿ ಎಂದು ಯಾಕೆ ಕರೆದರೆಂದು ಕೇಳಿ, ಉಪಮೆಯ ಚಕ್ರವರ್ತಿ ಎಂದು ಯಾಕೆ ಕರೆಯಲಿಲ್ಲವೆಂದೂ ಕೇಳಿ.

ದೃಷ್ಟಾಂತಕ್ಕೆ ನೀವು ಕೊಡುವ ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆ ಚೆನ್ನಾಗಿದೆ, ಅದನ್ನು ಬದಲಾಯಿಸಬೇಡಿ. ‘ಹಾಗೆ’ ಎಂಬ ಪದವೇ ಇಲ್ಲದೆ ಎರಡು ಮಾತು ಒಂದಕ್ಕೊಂದು ಕನ್ನಡಿ ಹಿಡಿಯುವುದು ಅದರಲ್ಲಿ ಸ್ಪಷ್ಟವಾಗಿದೆ. ಶ್ಲೇಷೆಗೆ ಕೈಲಾಸಂ ನಾಟಕದ ಒಂದು ಪುಟ ಓದಿಸಿ. ಮಕ್ಕಳು ನಕ್ಕರೆ ಪಾಠ ಮುಗಿಯಿತು.

ಧ್ವನಿ ಪಠ್ಯದಲ್ಲಿಲ್ಲ, ಅದನ್ನೇಕೆ ಎತ್ತುತ್ತೀರಿ ಎನ್ನಬಹುದು. ಕವಿರಾಜಮಾರ್ಗ ಬಂದ ಶತಮಾನದಲ್ಲೇ ಕಾಶ್ಮೀರದ ಆನಂದವರ್ಧನ ಅದರ ಮೇಲೆ ಗ್ರಂಥ ಬರೆದ, ವಿದ್ವಾಂಸರು ಅದರ ಬಗ್ಗೆ ಇವತ್ತಿಗೂ ಜಗಳವಾಡುತ್ತಾರೆ. ಮಕ್ಕಳಿಗೆ ಅಷ್ಟೆಲ್ಲ ಬೇಡ. ನೆಂಟರು ಬಂದು ಕೂತಿದ್ದಾರೆ, ಏಳುವ ಲಕ್ಷಣವಿಲ್ಲ. ಅಜ್ಜಿ ಒಳಗಿನಿಂದ ಕೂಗುತ್ತಾಳೆ: ‘ಪುಟ್ಟಾ, ಮಳೆ ನಿಂತಿತೇನೋ ನೋಡು.’ ಅಜ್ಜಿ ಕೇಳಿದ್ದು ಮಳೆಯ ಸುದ್ದಿ. ನೆಂಟರಿಗೆ ಕೇಳಿಸಿದ್ದೇನು? ಪುಟ್ಟನಿಗೆ ಕೇಳಿಸಿದ್ದೇನು? ಪದಕೋಶದಲ್ಲಿ ಹುಡುಕಿದರೆ ಸಿಗದ ಆ ಅರ್ಥ ಎಲ್ಲಿತ್ತು? ಈ ಮೂರು ಪ್ರಶ್ನೆಗೆ ಒಂದು ಪೀರಿಯಡ್ ಕೊಟ್ಟು ನೋಡಿ.

‘ಇದಕ್ಕೆಲ್ಲ ಹೊತ್ತೆಲ್ಲಿದೆ ತಾಯಿ?’ ಎಂದು ನೀವು ಕೇಳುವುದು ನನಗೆ ಕೇಳಿಸುತ್ತಿದೆ. ಒಂದೊಂದು ಸೆಕ್ಷನ್ನಿನಲ್ಲಿ ಐವತ್ತು ಅರವತ್ತು ಮಕ್ಕಳು, ಮುಗಿಯದ ಪಠ್ಯ, ಮೇಲೆ ಗಣತಿಯ ಕೆಲಸ, ಚುನಾವಣೆಯ ಕೆಲಸ. ಫಲಿತಾಂಶ ಕಡಿಮೆ ಬಂದರೆ ಉತ್ತರ ಹೇಳಬೇಕಾದವರು ನೀವು, ನಾನಲ್ಲ. ಅದಕ್ಕೇ ನಾನು ಹೆಚ್ಚಿಗೆ ಕೇಳುತ್ತಿಲ್ಲ. ಪ್ರಸ್ತಾರಕ್ಕೆ ಚಾಕ್‌ಪೀಸ್ ಎತ್ತಿಕೊಳ್ಳುವ ಮೊದಲು ಆ ಪದ್ಯವನ್ನು ಎರಡು ಸಲ ಗಟ್ಟಿಯಾಗಿ ಹೇಳಿಸಿ, ಒಂದು ಸಲ ತಟ್ಟಿಸಿ. ಹತ್ತು ನಿಮಿಷ ಹಿಡಿಯಬಹುದು. ಗಣ ಹಾಕುವಾಗ ಮಕ್ಕಳು ಮಾಡುವ ತಪ್ಪು ಕಡಿಮೆಯಾಗಿ ಆ ಹತ್ತು ನಿಮಿಷ ವಾಪಸು ಬರುತ್ತದೆ.

ನಿಮ್ಮಲ್ಲಿ ಪ್ರಶ್ನೆಪತ್ರಿಕೆ ತೆಗೆಯುವವರೂ ಇದ್ದೀರಿ. ಕೊನೆಯ ಮಾತು ನಿಮಗೆ. ಪ್ರಶ್ನೆ ಬದಲಾಗದೆ ಪಾಠ ಬದಲಾಗುವುದಿಲ್ಲ ಎಂಬುದು ನಿಮಗೇ ಚೆನ್ನಾಗಿ ಗೊತ್ತು. ‘ಪ್ರಸ್ತಾರ ಹಾಕಿ ಗಣ ವಿಭಾಗಿಸಿ ಛಂದಸ್ಸನ್ನು ಹೆಸರಿಸಿ’ ಎಂಬುದು ಇರಲಿ, ಅದರ ಪಕ್ಕದಲ್ಲಿ ಒಮ್ಮೆ ಹೀಗೆ ಕೇಳಿ: ‘ಮಳೆಯು ಬಂದಿತು ಶಾಲೆ ಬಿಟ್ಟಿತು, ಬಂದಿತು ಮಳೆಯು ಬಿಟ್ಟಿತು ಶಾಲೆ. ಇವೆರಡರಲ್ಲಿ ಭಾಮಿನಿಯ ಸಾಲು ಯಾವುದು? ಇನ್ನೊಂದು ಎಲ್ಲಿ ಎಡವುತ್ತದೆ?’ ಅಲಂಕಾರಕ್ಕೆ: ‘ಈ ಉಪಮೆಯನ್ನು ರೂಪಕ ಮಾಡಿ, ಅರ್ಥದಲ್ಲಿ ಏನು ಹೆಚ್ಚಿತು, ಏನು ಹೋಯಿತು, ಎರಡು ವಾಕ್ಯದಲ್ಲಿ ಬರೆಯಿರಿ.’ ಗೈಡುಗಳಲ್ಲಿ ಉತ್ತರ ಸಿಗುವುದಿಲ್ಲ. ಮೌಲ್ಯಮಾಪನ ಮಾಡುವವರು ಒಂದೊಂದು ಉತ್ತರವನ್ನೂ ಓದಿಯೇ ಅಂಕ ಕೊಡಬೇಕಾಗುತ್ತದೆ, ಸ್ಕೀಮಿನ ಪ್ರಕಾರ ಟಿಕ್ ಹಾಕಿ ಮುಗಿಸಲಾಗುವುದಿಲ್ಲ. ಮೊದಲ ವರ್ಷ ಗೊಣಗಾಟ ಬಂದೇ ಬರುತ್ತದೆ. ಪೂರ್ವಸಿದ್ಧತಾ ಪರೀಕ್ಷೆಯಿಂದಲೇ ಶುರು ಮಾಡಿದರೆ ಸ್ವಲ್ಪ ಕಡಿಮೆ ಬಂದೀತು.

ಇತಿ ವಿಶ್ವಾಸದ,
ನಿಮ್ಮ ಮಕ್ಕಳಿಗೆ ಸಂಜೆ ಗಮಕ ಹೇಳಿಕೊಡುವವಳು